ಹೆಡ್‌ಲೈಟಿಗೆ ಬಳಿದ ವಿಭೂತಿ

ಶಿಕಾರಿಪುರದ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಬಸಣ್ಣ ನನ್ನ ಕಾರಿನ ಹೆಡ್‌ಲೈಟಿಗೆ ನೀರು ಚಿಮುಕಿಸಿ ಸ್ಯಾಂಡ್ ಪೇಪರಿನಿಂದ ಉಜ್ಜತೊಡಗಿದಾಗ, “ಸ್ಟಾಪ್ ಇಟ್, ಗ್ಲಾಸ್ ಹಾಳಾಗುತ್ತೆ” ಎಂದು ಕೂಗಿಯೇಬಿಟ್ಟೆ. ಮೊದಲೇ ಹಳದಿಯಾಗಿ ಮಂಕಾಗಿದ್ದದ್ದು ಈಗ ಸುಣ್ಣ ಬಳಿದ ಹಾಗೆ ಬೆಳ್ಳಗಾಗಿತ್ತು. ಸಂಜೆ ದಾರಿ ಕಾಣುವುದಿಲ್ಲ, ವಯಸ್ಸಾಗಿ ನನ್ನ ಕಣ್ಣು ಹೋಯಿತು ಎಂದು ಕಾರು ಮಾರಲು ಹೊರಟಿದ್ದೆ. ಕೊಳ್ಳುವವರಿಗೆ ಪ್ರೆಸೆಂಟಬಲ್ ಆಗಿರಲಿ ಎಂದಷ್ಟೇ ಅಲ್ಲಿಗೆ ತಂದದ್ದು.

“ಗ್ಲಾಸಲ್ರೀ ಅಮ್ಮಾರೆ, ಪ್ಲಾಸ್ಟಿಕ್ಕು. ಮೇಲಿನ ಪದರ ಬಿಸಿಲಿಗೆ ಸುಟ್ಟೈತಿ, ಅದನ್ನ ತೆಗೀಬೇಕು. ಈ ಗೀರು ನೋಡ್ರಿ, ಒಣಬಟ್ಟೇಲಿ ಹಿಂಗೆ ತಿಕ್ಕೋರು ಯಾರು?”

ನಾನೇ. ನಮ್ಮ ಯಜಮಾನರು ಪ್ರತಿ ಸೋಮವಾರ ಎರಡೂ ಲೈಟಿಗೆ ವಿಭೂತಿ ಬಳಿಯುತ್ತಿದ್ದರು. ಅವರು ಹೋದ ಮೇಲೂ ನಾನದನ್ನು ಒಂದು ವಾರವೂ ತಪ್ಪಿಸಿಲ್ಲ. ಮರುದಿನ ಅದನ್ನು ಧೂಳಿನ ಸಮೇತ ಒರೆಸಿ ತೆಗೆಯುವುದೂ ನಾನೇ. ಬಸಣ್ಣನಿಗೆ ಇದನ್ನೆಲ್ಲ ಹೇಳಿದೆ.

“ವಿಭೂತಿ ಬಾನೆಟ್ಟಿಗೆ ಹಚ್ರಿ. ಇವಕ್ಕೆ ದಾರಿ ನೋಡೋ ಕೆಲಸ ಐತಿ” ಎಂದು ನಕ್ಕ. ಆಮೇಲೆ ಪಾಲಿಶ್ ಮಾಡಿ, ಬಿಸಿಲು ತಡೆಯುವ ಕ್ಲಿಯರ್ ಕೋಟ್ ಹೊಡೆದ. ಆ ಕೋಟ್ ಇಲ್ಲದಿದ್ದರೆ ಕೆಲವೇ ತಿಂಗಳಲ್ಲಿ ಮತ್ತೆ ಮಂಕಾಗುತ್ತದಂತೆ.

ಮೊನ್ನೆ ಸೊರಬದ ತಂಗಿಯ ಮನೆಯಿಂದ ದೀಪ ಹಚ್ಚುವ ಹೊತ್ತಿಗೆ ಹೊರಟು, ರಸ್ತೆಯ ಬಿಳಿಗೆರೆ ನೋಡಿಕೊಂಡೇ ಆರಾಮಾಗಿ ಮನೆ ಸೇರಿದೆ. ಕಾರು ಮಾರುತ್ತಿಲ್ಲ. ಓಲ್ಡ್ ಏಜ್ ಎಂದುಕೊಂಡು ಇನ್ನೂ ಏನೇನು ಬಿಟ್ಟುಕೊಟ್ಟಿದ್ದೇನೋ, ಒಂದೊಂದನ್ನೇ ನೆನಪಿಸಿಕೊಳ್ಳುತ್ತಿದ್ದೇನೆ.