ನಡುದಾರಿ ಮೋಟರಿಗೆ

ಎಲ್ಲೆಲ್ಲೋ ದೇಶದ ದೊಡ್ಡ ಪಟ್ಟಣಗಳಾಗೆ ಬಸ್ಸು ಓಡಾಡಾಕೇ ಅಂತ ರಸ್ತೆ ಪಾಲು ಮಾಡಿ ಬಿಡ್ತಾರಂತೆ, ಬೇರೆ ಯಾರೂ ಅದರಾಗೆ ಕಾಲಿಡಂಗಿಲ್ಲವಂತೆ. ಮೊಮ್ಮಗ ಪೇಪರು ಓದಿ ಹೇಳಿದ. ಇದೇನು ಹೊಸ ಸುದ್ದಿಯಾ? ನಾನು ಸಣ್ಣೋಳಿದ್ದಾಗ, ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಮೊದಲ ಮೋಟರು ಬಂದ ವರ್ಷವೇ, ನಮ್ಮ ಹಟ್ಟಿಯಾಗೆ ಡಂಗುರ ಹೊಡೆಸಿದ್ದರು. ನಡುದಾರಿ ಮೋಟರಿಗೆ. ಗಾಡಿ, ದನ, ಕುರಿ, ಮನುಷ್ಯರು ಎಲ್ಲ ಪಕ್ಕದ ಮಣ್ಣಿಗೆ.

ನಮ್ಮಪ್ಪ ದೇವರೆತ್ತು ಕಾಯೋ ಕಿಲಾರಿ. ದೇವರಿಗೆ ಬಿಟ್ಟ ಆ ಎತ್ತುಗಳಿಗೆ ನೊಗ ಇಲ್ಲ, ಮೂಗುದಾರ ಇಲ್ಲ, ಏಟಂತೂ ಇಲ್ಲವೇ ಇಲ್ಲ. ಅವು ನಡೆದತ್ತ ಕಿಲಾರಿ ಹಿಂದೆ ನಡೀಬೇಕು, ಅಷ್ಟೆ. ಸಂಜೆ ಅಪ್ಪ ಕೊಂಬು ಊದಿದರೆ ಎಲ್ಲಿದ್ದರೂ ಬೆಲ್ಲದ ಆಸೆಗೆ ಬಂದುಬಿಡೋವು. ಆ ಹಾಳು ಮೋಟರಿನ ಹಾರನ್ನೂ ಥೇಟು ಕೊಂಬಿನಂಗೇ ಕೂಗ್ತಿತ್ತು. ಪಕ್ಕಕ್ಕೆ ಸರೀರಿ ಅಂತ ಡ್ರೈವರು ಊದಿದಷ್ಟೂ ಅವು ನಡುದಾರಿಗೇ ಹತ್ತೋವು.

"ಇದು ನೆಟ್ಟಗಾಗೋ ಮಾತಲ್ಲ ಕಣೇ" ಅಂತ ಅಪ್ಪ ಅವ್ವನ ಹತ್ರ ಅಂದ. ಕೊಂಬು ಊದೋದನ್ನೇ ಬಿಟ್ಟ. ಎತ್ತುಗಳು ಮರೀಲಿಲ್ಲ.

ಒಂದು ಮಧ್ಯಾಹ್ನ ಮೋಟರು ಮೈಮೇಲೇ ಬಂದುಬಿಡ್ತು. ಮುಂದಾಳು ಎತ್ತು ನಡುದಾರಿಯಾಗೆ ನಿಂತು ಅದನ್ನೇ ನೋಡ್ತಿತ್ತು. ಅಪ್ಪ ಕೋಲೆತ್ತಿ ಬೆನ್ನಿಗೆ ಬಾರಿಸಿದ. ಎತ್ತು ಪಕ್ಕಕ್ಕೆ ಹಾರಿ ಉಳಕೊಂತು. ಮೋಟರು ನಿಲ್ಲಲೇ ಇಲ್ಲ.

ಅವತ್ತೇ ಹಟ್ಟಿ ಹಿರೇರು ಸೇರಿ, "ದೇವರೆತ್ತಿನ ಮೇಲೆ ಕೈ ಮಾಡಿದೋನು ಕಿಲಾರಿ ಅಲ್ಲ" ಅಂದರು. ಅಪ್ಪನಿಗೆ ಅದಕ್ಕಿಂತ ದೊಡ್ಡ ಸಂಕಟ ಬೇರೆ ಇತ್ತು. ಕರುವಿದ್ದಾಗಿಂದ ಅಪ್ಪನ ಅಂಗೈಯಾಗೆ ಬೆಲ್ಲ ನೆಕ್ಕಿದ ಎತ್ತು, ಈಗ ಅವನನ್ನ ಕಂಡರೆ ಬೆದರಿ ಓಡ್ತಿತ್ತು. ಮೋಟರಿಗೆ ಅಂಜದ್ದು ಅಪ್ಪನಿಗೆ ಅಂಜಿತು.

ಅಪ್ಪ ಆ ಅಂಜಿಕೆಯನ್ನೇ ಹಿಡಕೊಂಡ. ಅವನ ಜಾಗಕ್ಕೆ ಬಂದ ಹೊಸ ಕಿಲಾರಿ ಎತ್ತಿನ ಮೇಲೆ ಕೈ ಎತ್ತಂಗಿಲ್ಲ. ಅದಕ್ಕೆ ದಿನಾ ದೂರದಾಗೆ ಹಾರನ್ನು ಕೇಳಿಸಿದ ಕೂಡಲೇ ಅಪ್ಪ ಉಣ್ತಿದ್ದರೂ ಎದ್ದು, ಕೋಲು ಹಿಡಕೊಂಡು ಹೋಗಿ, ತಾನೇ ನಡುದಾರಿಯಾಗೆ ನಿಲ್ಲೋನು. ಅವನನ್ನ ಕಂಡು ಮುಂದಾಳು ಎತ್ತು ಪಕ್ಕಕ್ಕೆ ಓಡೋದು, ಉಳಿದವು ಅದರ ಹಿಂದೆ. ಕಡೆಯದು ಇಳಿದ ಮೇಲೇ ಅಪ್ಪ ಸರಿಯೋನು. ಅಷ್ಟೊತ್ತಿಗೆ ಮೋಟರಿಗೂ ಅವನಿಗೂ ನಾಲ್ಕು ಮಾರು ಇದ್ದರೆ ಹೆಚ್ಚು.

"ನಿನಗೇನಾದ್ರೂ ಆದ್ರೆ?" ಅವ್ವ ಕೇಳಿದಳು.

"ಹೊಡೆದೋನು ನಾನು. ಕಾಯೋದೂ ನಂದೇ" ಅಂದ.

ಹಾರನ್ನು ಕೇಳಿದರೆ ಅವ್ವ ಬೀಸೋ ಕಲ್ಲು ನಿಲ್ಲಿಸೋಳು. ಗೂಟದ ಮೇಲೆ ನನ್ನ ಕೈಯಿ, ಅದರ ಮೇಲೆ ಅವಳ ಕೈಯಿ. ಬಾಗಿಲಾಗೆ ಅಪ್ಪನ ಕೆಮ್ಮು ಕೇಳಿಸಿದ ಮೇಲೇ ಕಲ್ಲು ತಿರುಗೋದು. ಆ ಬೇಸಿಗೆ ಪೂರಾ ನಮ್ಮ ಮನೇಲಿ ಹಿಂಗೇ ರಾಗಿ ಬೀಸಿದ್ದು.

ಒಂದು ದಿನ ಎತ್ತುಗಳು ತಾವೇ ಹಟ್ಟಿಗೆ ಓಡಿ ಬಂದವು. ಎಲ್ಲವೂ ಇದ್ದವು, ಮುಂದಾಳು ಎತ್ತೂ ಇತ್ತು. ಅವುಗಳ ಹಿಂದೆ ನಾಲ್ಕು ಜನ ಅಪ್ಪನ್ನ ಕಂಬಳಿಯಾಗೆ ಹೊತ್ತು ತಂದು ಅಂಗಳದಾಗೆ ಇಳಿಸಿದರು. ನಾನು ಎದ್ದು ಓಡಿದೆ. ಅವ್ವ ಏಳಲಿಲ್ಲ. ಕೆಮ್ಮು ಇನ್ನೂ ಕೇಳಿಸಿಲ್ಲವಲ್ಲ ಅಂತ, ಕಲ್ಲಿನ ಗೂಟ ಹಿಡಕೊಂಡು ಕೂತೇ ಇದ್ದಳು.