ಅತ್ತೆ ಸೊಸೆಯ ನಡುವೆ ನಾನಿಟ್ಟ ಮಾತು

ಭಾಗ್ಯ, ನಿನ್ನ ಅತ್ತೆ ಕಾಳಮ್ಮನವರು ಸಾಯುವ ತನಕ ನಿನ್ನ ಜೊತೆ ಮಾತು ಬಿಟ್ಟಿದ್ದಕ್ಕೆ ಕಾರಣ ನಾನು. ನಿನ್ನದೇನೂ ತಪ್ಪಿರಲಿಲ್ಲ, ಅವರದೂ ಇರಲಿಲ್ಲ. ನಾನು ಅವರಿಗೊಂದು ಸುಳ್ಳು ಹೇಳಿದೆ, ನಿನಗೊಂದು ಸುಳ್ಳು ಹೇಳಿದೆ — ಇಬ್ಬರೂ ನಂಬಿದಿರಿ. ನಂಬುತ್ತೀರಿ ಅಂತ ನನಗೆ ಗೊತ್ತಿತ್ತು. ಅತ್ತೆ ಸೊಸೆಗೆ ಆಗಿಬರಲಿಲ್ಲ ಅಂದರೆ ನಮ್ಮ ಕಡೆ ಯಾರೂ ಯಾಕೆ ಅಂತ ಕೇಳುವುದಿಲ್ಲ.

ಇದು ನಿನ್ನ ಮುಂದೆ ಕಣ್ಣೀರು ಹಾಕುವ ಬರಹ ಅಲ್ಲ, ಮೊದಲೇ ಹೇಳಿಬಿಡುತ್ತೇನೆ. ನಿನ್ನನ್ನು ಕಂಡರೆ ನನಗೆ ಆಗುತ್ತಿರಲಿಲ್ಲ, ಈಗಲೂ ಅಷ್ಟಕ್ಕಷ್ಟೇ. ನಿನಗೂ ನಾನೆಂದರೆ ಆಗದು. ಮೊನ್ನೆ ಮದ್ದೂರು ಬಸ್‌ಸ್ಟ್ಯಾಂಡಿನಲ್ಲಿ ಎದುರಾದಾಗ ನೀನು, ಚೆನ್ನಾಗಿದ್ದೀರಾ ಅಂತ ಕೇಳಿ, ನಾನು ಬಾಯಿ ತೆರೆಯುವಷ್ಟರಲ್ಲಿ ಬಸ್ಸು ಹತ್ತಿ ಕೂತೆ. ಹಾಗೆ ಹೋದದ್ದು ಒಳ್ಳೆಯದೇ ಆಯಿತು. ನೀನು ನಿಂತಿದ್ದರೆ ನಾನು ಮತ್ತೇನಾದರೂ ಸವಿಯಾದ ಮಾತಾಡಿ ಕಳಿಸುತ್ತಿದ್ದೆ — ಅದು ನನಗೆ ಚೆನ್ನಾಗಿ ಬರುತ್ತದೆ.

ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ. ಇದನ್ನು ನಿನ್ನೊಬ್ಬಳ ಕೈಗೆ ಕೊಟ್ಟು ಸುಮ್ಮನಾಗುವ ಯೋಚನೆ ನನಗಿಲ್ಲ, ಬೇರೆಯವರಿಗೂ ತಿಳಿಯಬೇಕು.

ದೊಡ್ಡಿಯಲ್ಲಿ, ಅಂದರೆ ಬೋರ್ಡಿನ ಮೇಲೆ ಭಾರತೀನಗರ ಅಂತ ಇರುವ ಊರಿನಲ್ಲಿ, ಸಕ್ಕರೆ ಫ್ಯಾಕ್ಟರಿಗೆ ಕಬ್ಬಿನ ಗಾಡಿಗಳು ಸಾಲು ನಿಲ್ಲುವ ರಸ್ತೆಯ ಹಿಂದುಗಡೆ ಒಂದು ಹಳೇ ಬೆಲ್ಲದ ಗೋದಾಮು. ನಾನು ಹೈಸ್ಕೂಲಿನ ಕೆಲಸದಿಂದ ರಿಟೈರಾದ ಮೇಲೆ ಅದಕ್ಕೆ ಸುಣ್ಣ ಹೊಡೆಸಿ ಬೀದಿಮನೆ ಅಂತ ಹೆಸರಿಟ್ಟೆವು. ಬೆಳಿಗ್ಗೆ ಕಬ್ಬು ಕಡಿಯಲು ಹೋಗುವವರ ಕೂಸುಗಳನ್ನು ಅಲ್ಲಿ ನೋಡಿಕೊಳ್ಳುವುದು, ಮಧ್ಯಾಹ್ನ ವಯಸ್ಸಾದವರಿಗೆ ಊಟ, ಊಟದ ಮೇಲೆ ಹೆಂಗಸರಿಗೆ ಹೊಲಿಗೆ, ಸಂಜೆ ಮಕ್ಕಳಿಗೆ ಪಾಠ. ಒಂದೇ ಹಜಾರ, ಅದೇ ಚಾಪೆಗಳು. ಗೋದಾಮು ನಮ್ಮ ದೊಡ್ಡಮಾವನದು — ನನ್ನ ಗಂಡನ ದೊಡ್ಡಪ್ಪ ಬೋರೇಗೌಡರದು. ಹೊಲಿಗೆ ಕಲಿಸುವುದಕ್ಕೆ ನೀನು ಬಂದೆ.

ನೀನು ಬಂದ ದಿನದಿಂದಲೇ ನನಗೆ ಕಿರಿಕಿರಿ. ಮದ್ದೂರಿನಲ್ಲಿ ಓದಿದವಳು, ಮನೆಯಲ್ಲಿ ಬುದ್ಧನ ಫೋಟೋ ಇಟ್ಟು ದೀಪ ಹಚ್ಚುವವರ ಮಗಳು, ಯಾರ ಮುಂದೆಯೂ ಸೆರಗು ಸರಿಮಾಡಿಕೊಂಡು ನಿಲ್ಲುವವಳಲ್ಲ. ನಾನು ಸಭೆಯಲ್ಲಿ ಏನಾದರೂ ತಪ್ಪು ಹೇಳಿದರೆ ನೀನು ಅಲ್ಲೇ ತಿದ್ದುತ್ತಿದ್ದೆ. ಹೆಂಗಸರು ನನ್ನನ್ನು ಕಂಡರೆ ಎದ್ದು ನಿಲ್ಲುತ್ತಿದ್ದರು, ನಿನ್ನನ್ನು ಕಂಡರೆ ನಗುತ್ತಿದ್ದರು. ನನಗೆ ನಿನ್ನ ಮೇಲೆ ಹೊಟ್ಟೆಕಿಚ್ಚು. ಇಷ್ಟು ವರ್ಷ ಅದಕ್ಕೆ ಶಿಸ್ತು, ಹಿರಿಯರಿಗೆ ಮರ್ಯಾದೆ ಅಂತೆಲ್ಲ ಬೇರೆ ಬೇರೆ ಹೆಸರು ಕೊಟ್ಟುಕೊಂಡಿದ್ದೆ.

ಮಧ್ಯಾಹ್ನದ ಊಟಕ್ಕೆ ನಿಮ್ಮ ಅತ್ತೆಯನ್ನು ಕಳಿಸಿದವಳು ನೀನೇ. ಊರಾಚೆ ನಿಮ್ಮ ಜನ ಇರುವ ಕಾಲೋನಿಯಿಂದ ಅವರ ಜೊತೆ ಇನ್ನೂ ಇಬ್ಬರು ಮುದುಕಿಯರು ಬಂದರು. ಬಂದು ಪಂಕ್ತಿಯ ಕೊನೆಯಲ್ಲಿ ಕೂತರು — ಕೊನೆಯಲ್ಲಿ ಕೂರಿ ಅಂತ ಯಾರೂ ಹೇಳಿರಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಆದರೆ ಕಾಳಮ್ಮನವರು ಮಾತುಗಾರ್ತಿ. ನಾಲ್ಕು ದಿನ ಕಳೆಯುವುದರೊಳಗೆ ಪಂಕ್ತಿಯ ಆ ತುದಿಯಿಂದ ಈ ತುದಿಗೆ ಮಾತು ಎಸೆಯುತ್ತಿದ್ದರು. ಮುದ್ದೆ ಮುರಿದು ಬಸ್ಸಾರಿನಲ್ಲಿ ಅದ್ದಿಕೊಂಡು, ಸಾರಿಗೆ ಉಪ್ಪು ಕಡಿಮೆ ಅಂತ ಅಡುಗೆಯವಳನ್ನು ರೇಗಿಸುತ್ತಿದ್ದರು. ಊಟಕ್ಕೆ ಮುಂಚೆ ಬಂದು ಅಳುವ ಕೂಸು ಯಾವುದಿದ್ದರೂ ಎತ್ತಿಕೊಳ್ಳುತ್ತಿದ್ದರು. ಅವರು ಅಲ್ಲಿ ಖುಷಿಯಾಗಿದ್ದರು, ಭಾಗ್ಯ. ನಾನು ಕಣ್ಣಾರೆ ನೋಡಿದ್ದೇನೆ.

ಅವರು ಕಾಣಿಸಿಕೊಂಡ ವಾರವೇ ದೊಡ್ಡಮಾವ ಊಟಕ್ಕೆ ಬರುವುದು ನಿಂತಿತು. ಅವರ ಹಿಂದೆಯೇ ನಮ್ಮ ಬೀದಿಯ ಗಂಡಸರೂ ಒಬ್ಬೊಬ್ಬರಾಗಿ ಬರುವುದನ್ನು ನಿಲ್ಲಿಸಿದರು. ಒಬ್ಬರಿಗೆ ಮೊಣಕಾಲು ನೋವು, ಇನ್ನೊಬ್ಬರಿಗೆ ಸಕ್ಕರೆ ಕಾಯಿಲೆ, ಮತ್ತೊಬ್ಬರ ಸೊಸೆ ಮನೆಯಲ್ಲೇ ಬಿಸಿ ಮಾಡಿಕೊಡುತ್ತಾಳಂತೆ. ಯಾರೂ ನಿಜ ಹೇಳಲಿಲ್ಲ. ನಾನು ದೊಡ್ಡಮಾವನ ಮನೆಗೆ ಹೋಗಿ ಕೇಳಿದೆ. ಅವರು ತೆಂಗಿನ ಮರದ ಬುಡದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಸಿಟ್ಟು ಮಾಡಲಿಲ್ಲ, ಗೋದಾಮು ವಾಪಸ್ಸು ಕೇಳುತ್ತೇನೆ ಅಂತಲೂ ಅನ್ನಲಿಲ್ಲ.

"ಪಂತೀಲಿ ಕೂರುಸ್ಬ್ಯಾಡ ಅಂದೆ ಕಣಮ್ಮ, ಅಷ್ಟೆಯ. ಅನ್ನ ಆಕ್ಬ್ಯಾಡ ಅಂದ್ನಾ ನಾನು?"

ಅಷ್ಟು ಸಾಕಾಯಿತು ನನಗೆ. ಮನೆಗೆ ವಾಪಸ್ಸು ಬರುವ ದಾರಿಯಲ್ಲೇ ಉಪಾಯ ಹೊಳೆಯಿತು. ಕಾಲೋನಿಯವರಿಗೆ ಊಟವನ್ನು ಮನೆ ಬಾಗಿಲಿಗೇ ಕಳಿಸಿದರೆ? ವಯಸ್ಸಾದವರು, ಬಿಸಿಲಲ್ಲಿ ಯಾಕೆ ನಡೆಯಬೇಕು? ಎಷ್ಟು ಚೆನ್ನಾಗಿತ್ತು ನೋಡು, ನನಗೇ ಅದು ದಯೆ ಅನ್ನಿಸಿಬಿಟ್ಟಿತು. ಎಲ್ಲರೂ ಹೊಗಳುವ "ಮನೆ ಬಾಗಿಲಿಗೆ ಊಟ" ಹುಟ್ಟಿದ್ದು ಹೀಗೆ. ಹಸಿದವರ ಹತ್ತಿರ ಅನ್ನ ಹೋಗಲಿ ಅಂತ ಅಲ್ಲ, ಅವರು ನಮ್ಮ ಹತ್ತಿರ ಬರದೆ ಇರಲಿ ಅಂತ.

ದೊಡ್ಡಮಾವ ಈಗಿಲ್ಲ. ಎಲ್ಲವನ್ನೂ ಅವರ ತಲೆಗೆ ಕಟ್ಟಿ ನಾನು ಕೈ ತೊಳೆದುಕೊಳ್ಳಬಹುದು. ಆದರೆ ಅವರು ಹೇಳಿದ್ದು ಪಂಕ್ತಿಯ ಮಾತು ಮಾತ್ರ. ನಿನ್ನ ಮನೆ ಒಡೆ ಅಂತ ಅವರು ಹೇಳಲಿಲ್ಲ.

ತೊಡಕು ಇದ್ದದ್ದು ನಿನ್ನದು. ಅತ್ತೆಯನ್ನು ಯಾಕೆ ಬರಬೇಡ ಅಂದಿರಿ ಅಂತ ನೀನು ಕೇಳಿಯೇ ಕೇಳುತ್ತಿದ್ದೆ. ನಿನಗೆ ನಿಜ ಗೊತ್ತಾದರೆ ಪೊಲೀಸ್ ಸ್ಟೇಷನ್ನು, ತಾಲ್ಲೂಕು ಆಫೀಸು, ಪೇಪರು — ಎಲ್ಲ ಕಡೆಗೂ ಹೋಗುವವಳು. ಹೋಗಬೇಕಾಗಿತ್ತು ಕೂಡ. ಆದ್ದರಿಂದ ನೀನು ಕೇಳದ ಹಾಗೆ ಮಾಡಬೇಕಿತ್ತು, ಅವರೂ ಬರದ ಹಾಗೆ ಮಾಡಬೇಕಿತ್ತು.

ಮೊದಲನೆಯ ದಿನ ಊಟದ ಕ್ಯಾರಿಯರನ್ನು ನಾನೇ ತೆಗೆದುಕೊಂಡು ಹೋದೆ. ಕಾಳಮ್ಮನವರು ಊಟಕ್ಕೆ ಹೊರಡಲು ತಲೆ ಬಾಚಿಕೊಂಡು ಕೂತಿದ್ದರು. ನಾವೇ ಬರುತ್ತಿದ್ದೆವಲ್ಲ, ನಮಗೇನು ಕಾಲಿಲ್ಲವೇ ಅಂತ ನಕ್ಕರು. ವಯಸ್ಸಿನಲ್ಲಿ ನನ್ನ ತಾಯಿಯಷ್ಟಿದ್ದರು — ಆದರೂ ನಾನು ಏಕವಚನದಲ್ಲೇ ಮಾತಾಡುತ್ತಿದ್ದೆ, ಅವರು ನನಗೆ ಅವ್ವ ಅನ್ನುತ್ತಿದ್ದರು. ನಾನು ದನಿ ತಗ್ಗಿಸಿ ಹೇಳಿದೆ.

"ನಿನ್ನ ಸೊಸೆಗೆ ನಾಚಿಕೆ ಆಗುತ್ತಂತೆ ಕಾಳಮ್ಮ. ತಾನು ಟೀಚರಾಗಿರೋ ಜಾಗದಲ್ಲಿ ಅತ್ತೆ ಬಂದು ತಟ್ಟೆ ಹಿಡ್ಕೊಂಡು ಕೂತ್ಕೊಂಡ್ರೆ ಜನ ಏನಂತಾರೆ ಅಂತಾಳೆ. ಅವಳನ್ನ ಕೇಳೋಕೆ ಹೋಗ್ಬೇಡ, ಮನೇಲಿ ಸುಮ್ನೆ ಜಗಳ ಆಗುತ್ತೆ."

ಅವರು ಕ್ಯಾರಿಯರ್ ತೆಗೆದುಕೊಂಡು ಒಳಗೆ ಹೋದರು. ಅವರು ಬರದಿದ್ದ ಮೇಲೆ ಉಳಿದ ಇಬ್ಬರೂ ಬರಲಿಲ್ಲ. ಅದೇ ಮಧ್ಯಾಹ್ನ ನೀನು ಬಾಬಿನ್‌ಗೆ ದಾರ ಸುತ್ತುತ್ತಾ, ನಮ್ಮತ್ತೆ ಎಲ್ಲಿ ಅಂತ ಕೇಳಿದೆ. ನನ್ನ ಉತ್ತರ ತಯಾರಿತ್ತು. ಅವರೇ ಕೇಳಿಕೊಂಡರು, ಸೊಸೆ ಯಜಮಾನಿಕೆ ಮಾಡುವ ಕಡೆ ಬಂದು ಉಂಡರೆ ಗಂಟಲಿಗಿಳಿಯುವುದಿಲ್ಲವಂತೆ, ನಿನಗೆ ಹೇಳಬೇಡಿ ಅಂದಿದ್ದಾರೆ, ನೀನೂ ಕೇಳಬೇಡ, ನೊಂದುಕೊಳ್ಳುತ್ತಾರೆ ಅಂದೆ. ನೀನು ಮೆಷಿನ್ ತುಳಿಯುವುದನ್ನು ನಿಲ್ಲಿಸಿದೆ. ಎಲ್ಲದಕ್ಕೂ ಎದುರು ಮಾತಾಡುವವಳು ಅವತ್ತೊಂದು ದಿನ ಬಾಬಿನ್ ಕಿತ್ತಿಟ್ಟು ಎದ್ದು ಹೋದೆ. ಹೇಳಲು ನಾಚಿಕೆಯಾಗುತ್ತದೆ, ನನಗೆ ಗೆದ್ದ ಹಾಗಾಯಿತು.

ಆಮೇಲೆ ನಡೆದದ್ದು ನಿನಗೇ ಚೆನ್ನಾಗಿ ಗೊತ್ತು. ನಿನ್ನ ಗಂಡ ಕಬ್ಬಿನ ಲಾರಿ ಹತ್ತಿದರೆ ವಾರಗಟ್ಟಲೆ ಮನೆಗೆ ಬರುತ್ತಿರಲಿಲ್ಲ, ಮನೆಯಲ್ಲಿ ನೀವಿಬ್ಬರೇ. ಇಬ್ಬರಿಗೂ ಸ್ವಾಭಿಮಾನ. ಇಬ್ಬರೂ ಕೇಳಲಿಲ್ಲ. ಕಾಳಮ್ಮನವರು ಹಿತ್ತಲಲ್ಲಿ ಬೇರೆ ಒಲೆ ಹೂಡಿದರು ಅಂತ ಹೊಲಿಗೆಗೆ ಬರುವ ಹೆಂಗಸರು ಆಡಿಕೊಂಡರು. ನಾನು ಕಳಿಸಿದ ಮುದ್ದೆ ಕಾಲೋನಿ ತಲುಪುವಷ್ಟರಲ್ಲಿ ತಣ್ಣಗಾಗಿ ಬಿರುಸಾಗುತ್ತಿತ್ತು. ಮುದ್ದೆ ಬಿಸಿಯಲ್ಲಿ ನುಂಗಬೇಕು, ಆರಿದ್ದು ಹಲ್ಲಿಲ್ಲದ ಮುದುಕರ ಗಂಟಲಲ್ಲಿ ಇಳಿಯುವುದಿಲ್ಲ, ಇದು ಮಂಡ್ಯದಲ್ಲಿ ಹುಟ್ಟಿದ ಯಾರಿಗೆ ಗೊತ್ತಿಲ್ಲ? ಆದರೂ ಅವರು ನೀನು ಮಾಡಿದ ಬಿಸಿ ಅಡುಗೆ ಬಿಟ್ಟು ಅದನ್ನೇ ಸಾರಿನಲ್ಲಿ ಕಿವುಚಿಕೊಂಡು ತಿಂದರು. ಕೊನೆಯಲ್ಲಿ ಜ್ವರ ಬಂದು ಮಲಗಿದಾಗ ನೀನು ಕೊಟ್ಟ ನೀರನ್ನೂ ಕುಡಿಯದೆ, ಪಕ್ಕದ ಮನೆಯವಳನ್ನು ಕೂಗಿದರಂತೆ. ನಮ್ಮ ಮನೆಗಳಲ್ಲಿ ತಲೆತಲಾಂತರದಿಂದ ನಿಮ್ಮ ಕೈಯ ನೀರು ಮುಟ್ಟುತ್ತಿರಲಿಲ್ಲ. ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನಿನ್ನ ಅತ್ತೆಯೂ ನಿನ್ನ ಕೈಯ ನೀರು ಮುಟ್ಟದ ಹಾಗೆ ಮಾಡಿದೆ. ಇಷ್ಟೆಲ್ಲ ಓದಿ, ಇಷ್ಟು ವರ್ಷ ಮಕ್ಕಳಿಗೆ ಪಾಠ ಹೇಳಿ, ನಾನು ಮಾಡಿದ್ದು ಇದು.

ಕಾಳಮ್ಮನವರು ಹೋದಾಗ ಮಣ್ಣಿಗೆ ಬಂದಿದ್ದೆ ನಾನು. ಹೂವಿನ ಹಾರ ತಂದಿದ್ದೆ, ಬೀದಿಮನೆಯ ಪರವಾಗಿ. ಎಲ್ಲರೂ ಹೋದ ಮೇಲೆ ನೀನು ನನ್ನ ಹತ್ತಿರ ಬಂದೆ. ನಿನ್ನ ಜೋರು ಬಾಯಿ ಎಲ್ಲೋ ಹೋಗಿತ್ತು.

"ನಾನೇನ್ ತಪ್ಪು ಮಾಡ್ದೆ ಅಂತ ಒಂದ್ ಮಾತು ಯೇಳ್ದೆ ಓಗ್ಬುಟ್ರು ಮೇಡಂ. ನಿಮ್ಗೇನಾರ ಯೇಳಿದ್ರಾ?"

ಅಷ್ಟು ಹೊತ್ತಿಗೆ ದೊಡ್ಡಮಾವ ಹೋಗಿ ವರ್ಷ ದಾಟಿತ್ತು. ನಾನು ಹೆದರಬೇಕಾದವರು ಯಾರೂ ಇರಲಿಲ್ಲ. ಬಾಯಿ ಬಿಡುವುದಕ್ಕೆ ಅದಕ್ಕಿಂತ — ಇಲ್ಲ, ಆಗ ಹೇಳಿದ್ದರೂ ತಡವೇ. ನಾನು ನಿನ್ನ ಭುಜ ಸವರಿ, ವಯಸ್ಸಾದವರ ಮನಸ್ಸು, ಯಾರಿಗೆ ಗೊತ್ತಾಗುತ್ತೆ ಅಂದೆ. ನೀನು ನನ್ನ ಕೈ ಹಿಡಿದುಕೊಂಡು ಅತ್ತುಬಿಟ್ಟೆ. ಆ ಕೈಯನ್ನು ನಾನು ಬಿಡಿಸಿಕೊಳ್ಳಲೂ ಇಲ್ಲ. ಸ್ವಲ್ಪ ದಿನಕ್ಕೆ ನೀನು ಬೀದಿಮನೆ ಬಿಟ್ಟು ಮದ್ದೂರಿಗೆ ಹೋಗಿ ಅಂಗಡಿ ಹಾಕಿದೆ. ನನಗೆ ನಿರಾಳವಾಯಿತು.

ದೊಡ್ಡಮಾವ ಹೋದ ಮೇಲೂ ಕ್ಯಾರಿಯರ್ ನಿಲ್ಲಲಿಲ್ಲ, ಅದನ್ನೂ ಬರೆಯಬೇಕು. ಅಭ್ಯಾಸ ಆಗಿಹೋಗಿತ್ತು. ಕಾಲೋನಿಯವರು ಬರುವುದಿಲ್ಲ ಅಂತ ನಾವು, ಕರೆಯುವುದಿಲ್ಲ ಅಂತ ಅವರು. ಕಳೆದ ತಿಂಗಳು ಮಳವಳ್ಳಿಯಿಂದ ಒಂದು ಸಂಘದವರು ನಮ್ಮ ಕೆಲಸ ನೋಡಲು ಬಂದರು. ಮನೆ ಬಾಗಿಲಿಗೆ ಊಟ ಅವರಿಗೆ ಬಹಳ ಇಷ್ಟವಾಯಿತು, ತಮ್ಮಲ್ಲೂ ಶುರುಮಾಡುತ್ತೇವೆ ಅಂದರು. ಹೇಗೆ ಹೊಳೆಯಿತು ಮೇಡಂ ನಿಮಗೆ ಇದು, ಅಂತ ಒಬ್ಬಳು ಚಿಕ್ಕ ಹುಡುಗಿ ಕೇಳಿದಳು. ನಾನು ಬಿಸಿಲಿನ ಮಾತು, ಮುದುಕರ ಮೊಣಕಾಲಿನ ಮಾತು, ಎಲ್ಲ ಹೇಳಿದೆ. ಹೇಳುತ್ತಾ ಹೇಳುತ್ತಾ ನನ್ನ ದನಿ ಕೇಳಿ ನನಗೇ ಅಸಹ್ಯವಾಯಿತು. ನನ್ನ ಸುಳ್ಳು ಇನ್ನೊಂದು ಊರಿಗೆ ಹೊರಟು ನಿಂತಿತ್ತು.

ಮೊನ್ನೆ ಬೀದಿಮನೆಯ ಸಭೆ ಕರೆದು ಇದನ್ನೆಲ್ಲ ಹೇಳಿದೆ. ಕೆಲವರು ತಲೆ ತಗ್ಗಿಸಿದರು. ಹೆಚ್ಚಿನವರಿಗೆ ಸಿಟ್ಟು ಬಂದಿದ್ದು ನಾನು ಮಾಡಿದ್ದಕ್ಕಲ್ಲ, ಹೇಳಿದ್ದಕ್ಕೆ. ಸತ್ತವರ ವಿಷಯ ಯಾಕೆ ಕೆದಕುತ್ತೀರಿ, ಊರಿನ ಮಾನ ಹೋಗುತ್ತದೆ ಅಂದರು. ಹೋಗಲಿ ಅಂದೆ. ಮಳವಳ್ಳಿಯವರಿಗೂ ಫೋನ್ ಮಾಡಿ ಹೇಳಿದ್ದೇನೆ. ಸೋಮವಾರದಿಂದ ನಡೆಯಲಾರದವರನ್ನು ಬಿಟ್ಟು ಯಾರಿಗೂ ಕ್ಯಾರಿಯರ್ ಇಲ್ಲ, ಎಲ್ಲರೂ ಹಜಾರಕ್ಕೇ ಬರಬೇಕು ಅಂತ ಕಾಲೋನಿಗೆ ನಾನೇ ಹೋಗಿ ಕರೆದು ಬಂದೆ. ನಮ್ಮ ಬೀದಿಯ ಎಷ್ಟು ಜನ ಬರುತ್ತಾರೋ ಗೊತ್ತಿಲ್ಲ. ಯಾರೂ ಬರದಿದ್ದರೆ ನಾನೊಬ್ಬಳೇ ಅವರ ಸಾಲಿನಲ್ಲಿ ಕೂರುತ್ತೇನೆ. ಇದರಿಂದ ನಿನಗೇನೂ ಸಿಗುವುದಿಲ್ಲ, ಗೊತ್ತು.

ನಿನಗೆ ಸಿಗಬೇಕಾದದ್ದು ಒಂದು ನನ್ನ ಹತ್ತಿರ ಉಳಿದಿದೆ. ಕಾಳಮ್ಮನವರು ಕ್ಯಾರಿಯರ್ ತೆಗೆದುಕೊಂಡು ಒಳಗೆ ಹೋದರು ಅಂತ ಮೇಲೆ ಬರೆದೆನಲ್ಲ, ಅಲ್ಲಿ ನಾನು ಮತ್ತೆ ಮೋಸ ಮಾಡಿದ್ದೇನೆ. ಅವರು ತೆಗೆದುಕೊಂಡದ್ದು ತಕ್ಷಣಕ್ಕಲ್ಲ. ಸಭೆಯಲ್ಲೂ ಇದನ್ನು ಹೇಳಲು ನನಗೆ ಬಾಯಿ ಬರಲಿಲ್ಲ. ನಾನು ಸುಳ್ಳು ಹೇಳಿ ಮುಗಿಸಿದಾಗ ಅವರು ಬಾಚಣಿಗೆ ಕೆಳಗಿಟ್ಟು ನನ್ನ ಮುಖವನ್ನೇ ನೋಡಿದರು.

"ನನ್ ಸೊಸೆ ಅಂಗನ್ನೋಳಲ್ಲ ಕಣವ್ವ. ನನ್ ಮಗ ಅಂದ ಅಂದ್ರೆ ನಂಬೇನು, ಅವಳಂದ್ಳು ಅಂದ್ರೆ ನಂಬಕಿಲ್ಲ."

ಅವರ ಮುಂದೆ ನನ್ನ ಮಾತು ನಡೆಯಲಿಲ್ಲ, ಭಾಗ್ಯ. ಆಗ ನಾನು ನನ್ನ ಮಗಳ ಮೇಲೆ ಆಣೆ ಇಟ್ಟೆ. ಹೆತ್ತವಳು ಮಗುವಿನ ಮೇಲೆ ಸುಳ್ಳು ಆಣೆ ಇಡುವುದಿಲ್ಲ ಅಂತ ಅವರು ತಿಳಿದಿದ್ದರು. ಅವರು ಆ ಆಣೆಯನ್ನು ನಂಬಿದರು. ನೀನು ಮಣ್ಣಿನ ದಿನ ಕೇಳಿದ್ದಕ್ಕೆ ಉತ್ತರ ಇದು — ಅವರು ನನಗೆ ಹೇಳಿದ್ದು ಇಷ್ಟೇ, ನಿನ್ನನ್ನು ಬಿಟ್ಟುಕೊಡದ ಮಾತು, ಇಷ್ಟು ವರ್ಷ ನಿನಗೆ ತಲುಪದ ಹಾಗೆ ಅದನ್ನು ಇಟ್ಟುಕೊಂಡವಳು ನಾನು.