ಹುಷಾರಪ್ಪನ ಹಗ್ಗ

ಕುಕ್ಕರ್ ರಿಪೇರಿ ಅಂಗಡಿಯವನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದೇ ಇತ್ತು. ಬೀದಿಯವರು ಅದನ್ನು ಮರೆತು ಎಷ್ಟೋ ಕಾಲವಾಗಿತ್ತು. ಕುಕ್ಕರ್ ಕೈಗೆ ಕೊಡುವಾಗಲೂ "ಹುಷಾರಪ್ಪ", ಚಿಲ್ಲರೆ ಎಣಿಸಿಕೊಡುವಾಗಲೂ "ಹುಷಾರಪ್ಪ", ಗಿರಾಕಿ ಮೆಟ್ಟಿಲಿಳಿಯುವಾಗಲೂ "ಹುಷಾರಪ್ಪ" ಎನ್ನುವ ಮನುಷ್ಯನಿಗೆ ಬೇರೆ ಹೆಸರು ಯಾಕೆ ಬೇಕು? ಅದೇ ಗಟ್ಟಿಯಾಯಿತು. ಅಂದಹಾಗೆ, ಆ ಅಂಗಡಿಗೆ ಇದ್ದದ್ದು ಒಂದೇ ಒಂದು ಮೆಟ್ಟಿಲು.

ಅಂಗಡಿಯೊಳಗೆ ಮೊಳೆಗಳ ಮೇಲೆ ಗ್ಯಾಸ್ಕೆಟ್‌ಗಳು ಬಳೆಗಳ ಹಾಗೆ ಅಳತೆವಾರು ತೂಗುತ್ತಿದ್ದವು. ಮೂಲೆಯಲ್ಲಿ ಒಂದು ಒಲೆ. ರಿಪೇರಿಯಾದ ಯಾವ ಕುಕ್ಕರನ್ನೂ ಅದರ ಮೇಲಿಟ್ಟು ಕೂಗಿಸದೆ ಅವನು ವಾಪಸ್ ಕೊಟ್ಟವನಲ್ಲ. ಎದುರು ಗೋಡೆಯಲ್ಲಿ ಒಂದು ಮುಚ್ಚಳ ನೇತಾಡುತ್ತಿತ್ತು, ನಡುವೆ ಸೀಳಿ, ಅಂಚು ಸೊಟ್ಟಗಾಗಿ. ಯಾರೋ ಪುಣ್ಯಾತ್ಮರು ಮಗು ಮಲಗಿದೆ, ಸದ್ದಿಗೆ ಎದ್ದುಬಿಡುತ್ತದೆ ಎಂದು ವಿಷಲ್‌ಗೆ ತಂತಿ ಬಿಗಿದು ಒಲೆ ಹಚ್ಚಿದ್ದರು. ಮಗು ಎದ್ದಿತು, ಜೊತೆಗೆ ಇಡೀ ಬೀದಿಯೂ ಎದ್ದಿತು. ದೇವರ ದಯೆ, ಅಡುಗೆಮನೆಯಲ್ಲಿ ಆಗ ಯಾರೂ ಇರಲಿಲ್ಲ. ಆ ಮುಚ್ಚಳ ತೋರಿಸಿ ಹುಷಾರಪ್ಪ ಬಂದವರಿಗೆಲ್ಲ ಪಾಠ ಹೇಳುತ್ತಿದ್ದ: "ಮೇಲೇಳೋದನ್ನ ಏಳೋಕೆ ಬಿಡಬೇಕು. ಕಟ್ಟಿದ್ರೋ, ಕೆಟ್ರಿ."

ಮನೆಯಲ್ಲೂ ಇದೇ ಕಥೆ. ಹೊರಗೆ ಹೊರಟರೆ ಬೀಗ ಹಾಕಿ, ಜಗ್ಗಿ, ಬೀದಿಯ ತುದಿ ಮುಟ್ಟಿದ ಮೇಲೆ ವಾಪಸ್ ಹೋಗಿ ಇನ್ನೊಮ್ಮೆ ಜಗ್ಗಿ ಬರಬೇಕು. ಅಷ್ಟು ಹೊತ್ತು ಹೆಂಡತಿ ಮೂಲೆಯ ಔಷಧಿ ಅಂಗಡಿಯ ಮುಂದೆ ನಿಂತಿರುತ್ತಿದ್ದಳು. ಹಾಗೆ ನಿಂತು ನಿಂತು ಆ ಅಂಗಡಿಯ ಬೋರ್ಡು ಅವಳಿಗೆ ಬಾಯಿಪಾಠವಾಗಿತ್ತು.

ಅವಳು ಹುಟ್ಟಿ ಬೆಳೆದದ್ದು ಹೊಳೆಯ ದಂಡೆಯಲ್ಲಿ. ಲಂಗ ಎತ್ತಿ ಕಟ್ಟಿ ಈ ದಡದಿಂದ ಆ ದಡಕ್ಕೆ ಈಜಿ ಬರುತ್ತಿದ್ದವಳು. ಮದುವೆಯಾದ ಮೇಲೆ ಅವಳ ಪಾಲಿಗೆ ನೀರೆಂದರೆ ಬಕೆಟ್ಟಿನ ನೀರು. ಈಜು ಬಾರದ ಗಂಡ ಕೆರೆ ಏರಿಯ ಮೇಲೂ ಅವಳ ಮುಂಗೈ ಬಿಡುತ್ತಿರಲಿಲ್ಲ. ಮೊದಮೊದಲು ಅವಳಿಗೆ ಅದು ಪ್ರೀತಿ ಎನಿಸಿತ್ತು. ಆಮೇಲೆ ಮುಂಗೈ ನೋಯತೊಡಗಿತು.

ಒಂದು ಸಂಜೆ ತಟ್ಟೆ ತೊಳೆಯುತ್ತಲೇ ಅವಳು ಹೇಳಿದಳು: "ರೀ, ನಾನೂ ತಂಗೀನೂ ಬೆಟ್ಟದ ನದೀಲಿ ರಾಫ್ಟಿಂಗ್ ಹೋಗ್ತೀವಿ. ಐವತ್ತೈದು ತುಂಬಿದವರನ್ನ ದೋಣಿ ಹತ್ತಿಸಲ್ಲವಂತೆ. ಮುಂದಿನ ವರ್ಷ ನಿಮಗೂ ನನಗೂ ತುಂಬುತ್ತೆ. ಈ ತಿಂಗಳು ಕಳೆದ್ರೆ ನೀರು ಏರುತ್ತೆ, ದೋಣಿ ನಿಲ್ಲಿಸ್ತಾರೆ. ಹೋದ್ರೆ ಈಗ, ಇಲ್ಲಾಂದ್ರೆ ಇಲ್ಲ."

ಹುಷಾರಪ್ಪ ಬೇಡ ಅನ್ನಲಿಲ್ಲ. ಅವನು ಯಾವತ್ತೂ ಬೇಡ ಅಂದವನೇ ಅಲ್ಲ. "ವಿಚಾರಿಸೋಣ" ಅಂದ.

ಅವನು ವಿಚಾರಿಸಿದ ಯಾವ ಯೋಜನೆಯೂ ಬದುಕಿ ಉಳಿದದ್ದಿಲ್ಲ. ಗುಡ್ಡ ಹತ್ತಿಸುವ ರೋಪ್‌ವೇ ಬಗ್ಗೆ ವಿಚಾರಿಸಿದ, ಅದರ ತಂತಿ ಹಳೆಯದಂತೆ. ಹೆಂಡತಿಗೆ ಸೈಕಲ್ ಕೊಡಿಸಲು ವಿಚಾರಿಸಿದ, ರಸ್ತೆ ಸರಿಯಿಲ್ಲವಂತೆ. ಇದೆಲ್ಲ ಗೊತ್ತಿದ್ದ ಅವಳು ಈ ಸಲ ಕೈ ಒರೆಸಿಕೊಂಡು ಎದುರಿಗೇ ಬಂದು ನಿಂತಳು. "ವಿಚಾರಿಸಿ, ಎಷ್ಟು ಬೇಕಾದ್ರೂ ವಿಚಾರಿಸಿ. ಆದ್ರೆ ಹುಳುಕು ಸಿಗದಿದ್ರೆ ನೀವೂ ದೋಣಿ ಹತ್ತಬೇಕು. ಒಪ್ಪಿಗೆನಾ?"

ಹುಳುಕು ಸಿಗದಿರುವ ವಸ್ತು ಲೋಕದಲ್ಲಿದೆಯೇ? ಹುಷಾರಪ್ಪ ಧೈರ್ಯವಾಗಿ ಒಪ್ಪಿದ.

ಮರುದಿನ ದೋಣಿ ನಡೆಸುವ ಹುಡುಗಿಗೆ ಫೋನು ಮಾಡಿದ. "ದೋಣಿ ಮಗುಚಲ್ಲ ತಾನೇ?"

"ಮಗುಚಬಹುದು ಸರ್" ಅಂದಳು ಆಕೆ.

ಅವನು ಕುರ್ಚಿ ಎಳೆದುಕೊಂಡು ಕೂತ. "ಏನೂ ಆಗಲ್ಲ" ಅನ್ನುವವರ ಕೈಗೆ ಅವನು ತೂತಾದ ಪಾತ್ರೆಯನ್ನೂ ಕೊಡುತ್ತಿರಲಿಲ್ಲ. ಇವಳು ಹಾಗಲ್ಲ. ಹೊಸಬರಿಗೆಂದೇ ಇರುವ ಸಣ್ಣ ಇಳಿಜಾರಿನ ಹರಿವಿಗೆ ಮಾತ್ರ ಕರೆದೊಯ್ಯುತ್ತೇನೆ, ಬಂಡೆಯ ಮೇಲೆ ಕೆಂಪು ಗೆರೆ ಎಳೆದಿದೆ, ಬೆಳಿಗ್ಗೆ ನೀರು ಅದನ್ನು ದಾಟಿದ್ದರೆ ಬಂದ ದಾರಿಗೆ ಸುಂಕವಿಲ್ಲ ಎಂದು ವಾಪಸ್ ಹೋಗಬೇಕು ಅಂದಳು. ಎಲ್ಲರಿಗೂ ಹೆಲ್ಮೆಟ್ಟು, ಮೈಗೆ ಸರಿಹೊಂದುವ ಲೈಫ್ ಜಾಕೆಟ್ಟು. ಬಿದ್ದವರನ್ನು ಹಿಡಿಯಲು ಮುಂದೆ ಒಂದು ಪುಟ್ಟ ದೋಣಿ. ಹೃದಯದ ತೊಂದರೆ ಇದ್ದವರು, ಕುಡಿದು ಬಂದವರು ದಡದಲ್ಲೇ. ಹುಷಾರಪ್ಪ ಕೇಳುತ್ತಾ ಹೋದ, ಅವಳು ಹೇಳುತ್ತಾ ಹೋದಳು. ಕೊನೆಗೆ ಪ್ರಶ್ನೆಗಳೇ ಮುಗಿದವು. ಅವನ ಮುಖ ಹರಳೆಣ್ಣೆ ಕುಡಿದವರ ಹಾಗಾಯಿತು.

ಆದರೆ ಕೈಗೆತ್ತಿಕೊಂಡ ಕೆಲಸವನ್ನು ಅವನು ಅರ್ಧಕ್ಕೆ ಬಿಡುವವನಲ್ಲ. ಕನ್ನಡಕಕ್ಕೆ ಎಲಾಸ್ಟಿಕ್ ಹೊಲಿದ. ಜೋಲಾಡುವ ಬಟ್ಟೆ ಬೇಡ, ಚಪ್ಪಲಿ ಬೇಡ, ಲೇಸು ಬಿಗಿದ ಬೂಟೇ ಬೇಕು ಎಂದು ಅಪ್ಪಣೆಯಾಯಿತು. ನೀರಿಗೆ ಬಿದ್ದರೆ ಅಂಗಾತ ತೇಲಬೇಕು, ಕಾಲು ಮುಂದೆ, ಮೂಗು ಮೇಲೆ, ಎದ್ದು ನಿಲ್ಲಲು ಹೋಗಬಾರದು ಎಂದು ಹುಡುಗಿ ಹೇಳಿದ್ದಳಲ್ಲ, ಅದನ್ನು ನಡುಮನೆಯ ಮಂಚದ ಮೇಲೆ ಅಭ್ಯಾಸ ಮಾಡಿಸಿದ. ಶಾಲೆಯಲ್ಲಿ ಪಾಠ ಹೇಳುವ ನಾದಿನಿ ದಿಂಬು ತಬ್ಬಿಕೊಂಡು ಅಂಗಾತ ಮಲಗಿ ಕೂಗಿದಳು: "ಭಾವ, ಮಂಚ ಮಗುಚೀತು, ಹುಷಾರಪ್ಪ!"

ಅಕ್ಕತಂಗಿಯರು ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ಅವನು ಮಾತ್ರ ನಗಲಿಲ್ಲ. ಯಾರಿಗೂ ಹೇಳದೆ ಪೇಟೆಗೆ ಹೋಗಿ ಒಂದು ನೈಲಾನ್ ಹಗ್ಗ ತಂದು ಚೀಲದ ತಳದಲ್ಲಿಟ್ಟ.

ಆ ದಿನ ನೀರು ಕೆಂಪು ಗೆರೆಗಿಂತ ಕೆಳಗೇ ಇತ್ತು. ಹುಷಾರಪ್ಪ ಬಂಡೆಯವರೆಗೂ ಹೋಗಿ ಬಗ್ಗಿ ನೋಡಿಬಂದ. ಹುಡುಗಿ ಎಲ್ಲರ ಜಾಕೆಟ್ಟಿನ ಪಟ್ಟಿ ಜಗ್ಗಿದಳು, ಅವಳ ಹಿಂದೆಯೇ ಅವನೂ ಜಗ್ಗಿದ. ಆಮೇಲೆ ಚೀಲದಿಂದ ಹಗ್ಗ ತೆಗೆದು ಒಂದು ತುದಿಯನ್ನು ಹೆಂಡತಿಯ ಜಾಕೆಟ್ಟಿಗೆ, ಇನ್ನೊಂದನ್ನು ದೋಣಿಯ ಅಂಚಿನ ಕಬ್ಬಿಣದ ಬಳೆಗೆ ಎರಡೆರಡು ಗಂಟು ಹಾಕಿ ಬಿಗಿದ.

"ಇದೇನು ಸರ್?" ಅಂದಳು ಹುಡುಗಿ.

"ಸೇಫ್ಟಿ."

"ಬಿಚ್ಚಿ ಸರ್. ದೋಣಿ ಮಗುಚಿದ್ರೆ ಈ ಹಗ್ಗ ಇವರನ್ನ ನೀರೊಳಗೇ ಹಿಡಿದುಬಿಡುತ್ತೆ. ಬಂಡೆಗೆ ಸುತ್ತಿಕೊಂಡ್ರೆ ಮುಗೀತು. ಹಗ್ಗ ಇದ್ರೆ ನಾನು ದೋಣಿ ಬಿಡಲ್ಲ."

"ಹಗ್ಗ ಇಲ್ಲದಿದ್ರೆ ಇವಳನ್ನ ನಾನು ಬಿಡಲ್ಲ."

ಹುಡುಗಿ ಹುಟ್ಟು ಕೆಳಗಿಟ್ಟಳು. ಹೆಂಡತಿ ಮೊಣಕಾಲುದ್ದ ನೀರಿನಲ್ಲಿ ನಿಂತು ನದಿಯನ್ನೇ ನೋಡುತ್ತಿದ್ದಳು. ಇಷ್ಟು ಹತ್ತಿರ ಬಂದು ಹಿಂದಿರುಗಬೇಕಲ್ಲ ಎಂದು ಅವಳಿಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂದವು. ಆದರೂ ಮೆಲ್ಲಗೇ ಕೇಳಿದಳು:

"ರೀ, ಅಂಗಡಿ ಗೋಡೇಲಿ ಒಂದು ಮುಚ್ಚಳ ಇದೆಯಲ್ಲ, ಅದು ಯಾಕೆ ಒಡೀತು?"

"ವಿಷಲ್‌ಗೆ ತಂತಿ ಕಟ್ಟಿದ್ರು."

"ಯಾಕೆ ಕಟ್ಟಿದ್ರು?"

"ಮಗು ಏಳಬಾರದು ಅಂತ."

"ಪಾಪ, ಒಳ್ಳೇ ಮನಸ್ಸಿಂದಲೇ ಕಟ್ಟಿದ್ದು. ಅಲ್ವಾ?"

ಹುಷಾರಪ್ಪನ ಕಣ್ಣು ತಾನೇ ಹಾಕಿದ ಗಂಟಿನ ಮೇಲೆ ಹೋಯಿತು.

"ಊರಿಗೆಲ್ಲ ಬುದ್ಧಿ ಹೇಳ್ತೀರಿ. ನನ್ನನ್ನೂ ಸ್ವಲ್ಪ ಬಿಡ್ರೀ."

ಅವನು ನೀರಿಗಿಳಿದು ಗಂಟು ಬಿಚ್ಚತೊಡಗಿದ. ಹಾಕಿದ್ದು ಹುಷಾರಪ್ಪನ ಗಂಟು, ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ಕೊನೆಗೆ ಹಲ್ಲು ಹಾಕಿಯೇ ಎಳೆಯಬೇಕಾಯಿತು.

ದೋಣಿ ಹೊರಟಿತು. ಎರಡನೆಯ ಇಳಿಜಾರಿನಲ್ಲಿ ಒಬ್ಬರು ನೀರಿಗೆ ಬಿದ್ದರು. ಬಿದ್ದದ್ದು ಹೆಂಡತಿಯಲ್ಲ. ಅವಳ ಪಟ್ಟಿ ಸರಿಯಿದೆಯೇ ಎಂದು ನೋಡಲು ದೋಣಿಯಂಚಿನ ಹಿಡಿಹಗ್ಗ ಬಿಟ್ಟು ಬಗ್ಗಿದ ಹುಷಾರಪ್ಪ. ಮಂಚದ ಮೇಲೆ ಕಲಿತದ್ದೆಲ್ಲ ಮರೆತೇಹೋಯಿತು. ನೆನಪಿಗೆ ಬಂದದ್ದು ಮೂಗು ಮೇಲೆ ಅನ್ನುವುದೊಂದೇ. ಜಾಕೆಟ್ಟು ಅವನನ್ನು ಮೇಲಕ್ಕೆ ತಂದಿತು. ಅಷ್ಟರಲ್ಲಿ ಎರಡು ಕೈಗಳು ಅವನ ಭುಜದ ಪಟ್ಟಿ ಹಿಡಿದು, ಮೇಲೆತ್ತುವ ರಭಸಕ್ಕೆಂದು ಒಮ್ಮೆ ನೀರಿಗೆ ಅದ್ದಿ, ಗೋಣಿಚೀಲ ಎಳೆದ ಹಾಗೆ ದೋಣಿಯೊಳಗೆ ಎಳೆದು ಹಾಕಿದವು.

"ಹುಷಾರಪ್ಪ!" ಅಂದಳು ಹೆಂಡತಿ.

ಅವನು ಕೆಮ್ಮಿದ, ನೀರು ಉಗುಳಿದ. "ನಿನ್ನ ಪಟ್ಟಿ ಸರಿ ಇದೆಯೇನೇ?" ಅಂದ.

ಮುಂದೆ ನದಿ ಅಗಲವಾಗಿ, ನಿಧಾನವಾಗಿ ಹರಿಯುವ ಜಾಗ ಬಂತು. ಬೇಕಾದವರು ಇಲ್ಲಿ ಈಜಬಹುದು ಅಂದಳು ಹುಡುಗಿ. ಹೆಂಡತಿ ಗಂಡನ ಮುಖ ನೋಡಲಿಲ್ಲ, ಸೀದಾ ಧುಮುಕಿದಳು. ಹುಷಾರಪ್ಪ ಈ ಸಲ ಎರಡೂ ಕೈಯಲ್ಲಿ ಹಿಡಿಹಗ್ಗ ಹಿಡಿದೇ ಬಗ್ಗಿ ನೋಡಿದ. ಅವಳು ಹೊರಳಿ, ನೀರು ಸೀಳಿ, ತಲೆ ಎತ್ತಿ ನಗುತ್ತಾ ದೋಣಿಗೆ ಒಂದು ಸುತ್ತು ಹಾಕಿದಳು. ಅವಳಿಗೆ ಈಜು ಬರುತ್ತದೆಂದು ಅವನು ಕೇಳಿದ್ದನೇ ಹೊರತು ಒಮ್ಮೆಯೂ ಕಣ್ಣಾರೆ ಕಂಡಿರಲಿಲ್ಲ. ಅವನಿಗೆ ತುಂಬ ಹೆಮ್ಮೆಯಾಯಿತು, ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು.

ಆ ನೈಲಾನ್ ಹಗ್ಗ ಈಗ ಹಿತ್ತಿಲಲ್ಲಿ ಬಟ್ಟೆ ಒಣಹಾಕುವ ಹಗ್ಗವಾಗಿದೆ. ಗಂಟುಗಳನ್ನು ಹುಷಾರಪ್ಪ ದಿನಾ ಜಗ್ಗಿ ನೋಡುತ್ತಾನೆ, ಅದು ಹೋಗುವ ಚಾಳಿಯಲ್ಲ. ಭಾನುವಾರ ಅದರ ಮೇಲೆ ಈಜಿನ ಬಟ್ಟೆ ಎರಡು ಜೊತೆ ಒಣಗುತ್ತವೆ. ಈಜುಕೊಳದ ಎದೆಮಟ್ಟದ ನೀರಿನಲ್ಲಿ ಮಕ್ಕಳೆಲ್ಲ ನೋಡುತ್ತಿರುವಾಗ ಅವನು ಅಂಗಾತ ಮಲಗಿ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿರುತ್ತಾನೆ. ಬೆನ್ನಿನ ಕೆಳಗೆ ಹೆಂಡತಿಯ ಅಂಗೈ.

"ಕೈ ಬಿಡಬೇಡ ಕಣೇ" ಎನ್ನುತ್ತಾನೆ.

"ವಿಚಾರಿಸೋಣ" ಎನ್ನುತ್ತಾಳೆ ಅವಳು.